ಮುಳ್ಳೋಡಿಯಿಂದ ಮೇಲೆ: ಕುದುರೆಮುಖದ ಒಂದು ಕಾಲುದಾರಿಯ ಪ್ರಕರಣ

ಜುಲೈ ತಿಂಗಳ ಶನಿವಾರ ಬೆಳಗಿನ ಜಾವ ಕಳಸದ ಹತ್ತಿರದ ಬಾಳೆಗಲ್‌ನಲ್ಲಿ ನಿಂತರೆ ಮಳೆಯ ಸದ್ದಿಗಿಂತ ಮೊದಲು ಕಿವಿಗೆ ಬೀಳುವುದು ಜೀಪಿನ ಸದ್ದು. ರಾತ್ರಿಯಿಡೀ ಬೆಂಗಳೂರಿನಿಂದ ಟೆಂಪೊ ಟ್ರಾವೆಲರ್‌ನಲ್ಲಿ ತೂಕಡಿಸುತ್ತ ಬಂದವರು ಯಾವುದೋ ಹೋಮ್‌ಸ್ಟೇ ಜಗಲಿಯಲ್ಲಿ ಮುಖ ತೊಳೆದು, ಎರಡು ತುತ್ತು ಉಪ್ಪಿಟ್ಟು ಹೊಟ್ಟೆಗೆ ಹಾಕಿಕೊಂಡು, ಬಣ್ಣಬಣ್ಣದ ಮಳೆಕೋಟು ತೊಟ್ಟು ಜೀಪು ಹತ್ತುತ್ತಾರೆ. ಅಲ್ಲಿಂದ ಮುಳ್ಳೋಡಿಗೆ ಐದಾರು ಕಿಲೋಮೀಟರ್. ಅದನ್ನು ರಸ್ತೆ ಅನ್ನುವುದಕ್ಕೆ ಧೈರ್ಯ ಬೇಕು. ಜೀಪಿನ ಕಂಬಿ ಹಿಡಿದ ಕೈ ಸಂಜೆಯವರೆಗೂ ನೋಯುತ್ತದೆ. ಮುಳ್ಳೋಡಿಯಲ್ಲಿ ಅರಣ್ಯ ಇಲಾಖೆಯವರು ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ತಾಳೆ ನೋಡಿ, ಚೀಲ ಬಿಚ್ಚಿಸಿ, ಪ್ಲಾಸ್ಟಿಕ್ಕು ಬಾಟಲಿ ಏನಾದರೂ ಇದೆಯೇ ಎಂದು ಹುಡುಕಿ ಮೇಲೆ ಬಿಡುತ್ತಾರೆ. ಕತ್ತಲಾಗುವುದರೊಳಗೆ ಇಳಿದು ಬರಲೇಬೇಕಾದ್ದರಿಂದ ಯಾರೂ ತಡಮಾಡುವ ಹಾಗಿಲ್ಲ. ಬೆಳಗಿನ ಒಂದೆರಡು ಗಂಟೆಯೊಳಗೆ ಹೆಚ್ಚುಕಮ್ಮಿ ಎಲ್ಲರೂ ದಾರಿ ಹಿಡಿದಿರುತ್ತಾರೆ.

ಈ ಬರಹ ಅಲ್ಲಿಂದ ಕುದುರೆಮುಖ ಶಿಖರದವರೆಗಿನ ಆ ದಾರಿಯ ಬಗ್ಗೆ. ಒಂದು ಕಡೆಗೆ ಒಂಬತ್ತು ಹತ್ತು ಕಿಲೋಮೀಟರ್, ಹೋದ ದಾರಿಯಲ್ಲೇ ವಾಪಸ್ಸು. ಶಿಖರದ ಎತ್ತರ ಸುಮಾರು 1,890 ಮೀಟರ್. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಬಿಟ್ಟರೆ ರಾಜ್ಯದಲ್ಲಿ ಇದರದ್ದೇ ಎತ್ತರ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಿಗೆ ಹಬ್ಬಿದ ಕುದುರೆಮುಖ ರಾಷ್ಟ್ರೀಯ ಉದ್ಯಾನ 600 ಚದರ ಕಿಲೋಮೀಟರ್ ಇದ್ದರೂ, ಮಳೆಗಾಲದ ವಾರಾಂತ್ಯ ಜನ ಮುಗಿಬೀಳುವುದು ಈ ಒಂದು ಗೆರೆಗೆ ಮತ್ತು ಪಕ್ಕದ ಸಂಸೆಯಿಂದ ಹತ್ತುವ ನೇತ್ರಾವತಿ ಶಿಖರದ ಗೆರೆಗೆ. 2024ರಲ್ಲಿ ಅರಣ್ಯ ಇಲಾಖೆ ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಮಂದಿ ಎಂದು ಮಿತಿ ಹಾಕಿ, ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಿದವರಿಗೆ ಮಾತ್ರ ಪ್ರವೇಶ ಎಂದಿತು. ಒಳ್ಳೆಯ ಕೆಲಸ. ಮುನ್ನೂರೇ ಯಾಕೆ, ಇನ್ನೂರು ಯಾಕಲ್ಲ, ನಾನೂರು ಯಾಕಲ್ಲ ಎಂಬ ಚರ್ಚೆ ಆಗಲೇ ಸಾಕಷ್ಟು ಆಗಿದೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಇದು ಯಾವ ತಿಂಗಳ ಮುನ್ನೂರು?

ಬೆಟ್ಟದ ಮೈ

ಘಟ್ಟದ ಈ ಎತ್ತರದಲ್ಲಿ ಕಾಡು ಎಂದರೆ ಎಲ್ಲೆಡೆ ಮರ ಎಂದಲ್ಲ. ಗುಡ್ಡದ ಬೆನ್ನು, ಭುಜ, ಎದೆ ಎಲ್ಲ ಹುಲ್ಲು. ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ, ನೀರು ಇಳಿಯುವ ಸಂದಿಯಲ್ಲಿ ಮಾತ್ರ ದಟ್ಟ ಮರಗಳ ಗುಂಪು. ಅದನ್ನು ಶೋಲಾ ಎನ್ನುತ್ತಾರೆ. ದೂರದಿಂದ ನೋಡಿದರೆ ಹಸಿರು ಕಂಬಳಿಯ ನೆರಿಗೆಯಲ್ಲಿ ಯಾರೋ ಕಡುಹಸಿರು ಉಣ್ಣೆ ತುರುಕಿದ ಹಾಗೆ. ಹುಲ್ಲನ್ನು ಕಂಡವರು ಇಲ್ಲಿ ಮೊದಲು ಕಾಡಿತ್ತು, ಕಡಿದು ಬೋಳಿಸಿದ್ದಾರೆ ಎಂದುಕೊಳ್ಳುವುದುಂಟು. ಹಾಗಲ್ಲ. ಈ ಹುಲ್ಲು ಇಲ್ಲಿಯ ಹಳೆಯ ನಿವಾಸಿ. ಮರ ನೆಟ್ಟು ಇದನ್ನು ಉದ್ಧಾರ ಮಾಡಲು ಹೋದಲ್ಲೆಲ್ಲ ಕೆಟ್ಟದ್ದೇ ಆಗಿದೆ.

ಇಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರು ಬೀಳುವ ಕಡಿದಾದ ಗುಡ್ಡದಲ್ಲಿ ಮಣ್ಣು ಇನ್ನೂ ಉಳಿದಿದೆ ಎಂದರೆ ಅದು ಹುಲ್ಲಿನ ಬೇರಿನ ಪುಣ್ಯ. ತೆಳು ಮೇಲ್ಮಣ್ಣನ್ನು ಆ ಬೇರು ಚಾಪೆಯ ಹಾಗೆ ಹೆಣೆದು ಹಿಡಿದಿರುತ್ತದೆ. ಬಿದ್ದ ನೀರನ್ನು ಹುಲ್ಲು ನಿಧಾನಿಸಿ ಒಳಕ್ಕೆ ಇಳಿಸುತ್ತದೆ, ಶೋಲಾ ಅದನ್ನು ಬೇಸಿಗೆವರೆಗೂ ತೊಟ್ಟಿಕ್ಕಿಸುತ್ತದೆ. ಸಂಸೆ, ಮುಳ್ಳೋಡಿ ಕಡೆಗೆ ಇಳಿಯುವ ಹಳ್ಳಗಳೆಲ್ಲ ಸೇರುವುದು ಭದ್ರೆಯನ್ನು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆಂದು ನಂಬುವ ಗಂಗಾಮೂಲವೂ ಇದೇ ಉದ್ಯಾನದೊಳಗೆ ಇದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೀರು ಕುಡಿದು ಗದ್ದೆ ಬೆಳೆಯುವವರು ಈ ಹುಲ್ಲನ್ನು ಕಂಡಿರಲಾರರು, ಆದರೆ ಅವರ ನೀರಿನ ಮೊದಲ ಕಾವಲುಗಾರ ಅದೇ.

ಆ ಹೆಣಿಗೆ ಒಂದು ಕಡೆ ಕಿತ್ತಿತೆಂದರೆ ನೀರಿಗೆ ಬಾಗಿಲು ಸಿಕ್ಕ ಹಾಗೆ.

ಹೂಳಿನ ಹಳೆಯ ವ್ಯಾಜ್ಯ

ಈ ಬೆಟ್ಟಕ್ಕೆ ಮಣ್ಣಿನ ಮೊಕದ್ದಮೆ ಹೊಸದಲ್ಲ. ಮ್ಯಾಗ್ನಟೈಟ್ ಅದಿರಿಗಾಗಿ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಗುಡ್ಡ ಅಗೆದು, ಅರೆದು, ನೀರಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಉಳಿದ ಕಸರನ್ನು ನಿಲ್ಲಿಸಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಿದರು. 1987ರಲ್ಲಿ ಪ್ರಾಥಮಿಕವಾಗಿ, 2001ರಲ್ಲಿ ಅಂತಿಮವಾಗಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸಿಂಗಳೀಕಗಳ ದೊಡ್ಡ ನೆಲೆ ಇಲ್ಲಿರುವುದು ಅದಕ್ಕೆ ಒಂದು ಮುಖ್ಯ ಕಾರಣ. ಗಣಿ ಗುತ್ತಿಗೆಯ ಅವಧಿ 1999ಕ್ಕೇ ಮುಗಿದಿತ್ತು, ಆದರೂ ಅಗೆತ ನಿಂತಿರಲಿಲ್ಲ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಯೊಳಗೆ ಗಣಿ ಮುಚ್ಚಬೇಕು. ಆ ವಾದ ವಿವಾದದ ಉದ್ದಕ್ಕೂ ತಿರುತಿರುಗಿ ಬಂದ ಪದ ಹೂಳು. ಮಳೆಗಾಲದಲ್ಲಿ ಗಣಿಯಿಂದ ಭದ್ರೆಗೆ ಎಷ್ಟು ಮಣ್ಣು ಇಳಿಯುತ್ತದೆ ಎಂಬ ಪ್ರಶ್ನೆ.

ಗಣಿಯ ಗುಂಡಿಯನ್ನೂ ಚಾರಣಿಗರ ಕಾಲುದಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವಷ್ಟು ಮೂರ್ಖ ನಾನಲ್ಲ. ಒಂದು ಆನೆ, ಇನ್ನೊಂದು ಇರುವೆ. ಆದರೂ ಗಣಿ ನಿಂತ ಮೇಲೆ ಈ ಊರುಗಳಿಗೆ ಸಿಕ್ಕ ಎರಡನೆಯ ಕಸುಬು ಬೆಟ್ಟವನ್ನು ತೋರಿಸುವುದು. ಆ ಕಸುಬಿಗೂ ಕೇಳಬೇಕಾದ ಪ್ರಶ್ನೆ ಹಳೆಯದೇ: ಮಳೆಯ ಜೊತೆ ಏನು ಕೆಳಗೆ ಇಳಿಯುತ್ತಿದೆ?

ಮಧ್ಯೆ ಕೆಲವು ವರ್ಷ ಬೆಟ್ಟ ಸುಮ್ಮನಿತ್ತು. 2003ರಲ್ಲಿ ಕಾರ್ಕಳದ ಬಳಿಯ ಈದುವಿನಲ್ಲಿ ನಡೆದ ಪೊಲೀಸ್ ಎನ್‌ಕೌಂಟರಿನಿಂದ ಶುರುವಾದ ನಕ್ಸಲ್ ಭಯದ ಕಾಲದಲ್ಲಿ ಹೊರಗಿನವರು ಈ ಕಡೆ ಬರಲು ಹಿಂದೆಮುಂದೆ ನೋಡುತ್ತಿದ್ದರು. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದಾಗ ಅದರಲ್ಲಿ ಈ ಉದ್ಯಾನವೂ ಇತ್ತು. ಅದರಿಂದ ಜನ ಬಂದರು ಎಂದು ನನಗನಿಸುವುದಿಲ್ಲ. ಜನ ಬಂದದ್ದು ಫೋನಿನ ಕ್ಯಾಮೆರಾದಿಂದ. ಮೋಡ ಸರಿದು ಹಸಿರು ಗುಡ್ಡ ಒಂದು ಕ್ಷಣ ಕಾಣಿಸಿ ಮತ್ತೆ ಮುಚ್ಚಿಕೊಳ್ಳುವ ಹದಿನೈದು ಸೆಕೆಂಡಿನ ರೀಲ್ ಮಾಡಿದಷ್ಟು ಪ್ರಚಾರವನ್ನು ಯಾವ ಪ್ರವಾಸೋದ್ಯಮ ಇಲಾಖೆಯೂ ಮಾಡಿಲ್ಲ.

ಮುನ್ನೂರು ಬಂದ ಬಗೆ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಸಂತೆಯ ಹಾಗೆ ಸಾಲುಗಟ್ಟಿ ನಿಂತ ದೃಶ್ಯ ಎಲ್ಲರ ಫೋನಿಗೂ ಬಂದಿತ್ತು. ಅದು ಕುದುರೆಮುಖ ಅಲ್ಲ, ಪುಷ್ಪಗಿರಿ ವನ್ಯಧಾಮ. ಪೆಟ್ಟು ಮಾತ್ರ ರಾಜ್ಯದ ಎಲ್ಲ ಚಾರಣದ ದಾರಿಗಳಿಗೂ ಬಿತ್ತು. ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಕಾದಿರಿಸುವಿಕೆ ಇಲ್ಲದ ಕಡೆ ಚಾರಣ ನಿಲ್ಲಿಸಲು ಸೂಚಿಸಿದರು. ಆ ವರ್ಷದ ಮಳೆಗಾಲಕ್ಕೆ ಕುದುರೆಮುಖದ ದಾರಿಗಳಿಗೆ ಆನ್‌ಲೈನ್ ಟಿಕೆಟ್ಟು ಬಂತು, ಜೊತೆಗೆ ಮಿತಿಯೂ ಬಂತು.

ಇದರಿಂದ ಆದ ಒಳಿತನ್ನು ಮೊದಲು ಹೇಳಬೇಕು. ಮೊದಲು ಯಾರು ಎಷ್ಟು ಜನರನ್ನು ಕರೆತರುತ್ತಾರೆ ಎಂಬುದಕ್ಕೆ ಅಂಕೆ ಇರಲಿಲ್ಲ. ಸೆಕೆಂಡ್ ಶೋ ಸಿನಿಮಾಕ್ಕೆ ಟಿಕೆಟ್ಟು ಸಿಗದವರು ಬಾಗಿಲಲ್ಲಿ ಗಲಾಟೆ ಮಾಡುವ ಹಾಗೆ ಮುಳ್ಳೋಡಿಯಲ್ಲಿ ವಾಗ್ವಾದ ನಡೆಯುತ್ತಿತ್ತು. ಈಗ ಟಿಕೆಟ್ಟಿಲ್ಲದವರು ಬಾಳೆಗಲ್ ದಾಟುವುದಿಲ್ಲ. ದಾರಿಯಲ್ಲಿ ಚಿಪ್ಸ್ ಪೊಟ್ಟಣ ಕಾಣುವುದು ಕಡಿಮೆಯಾಗಿದೆ. ಶಿಖರದಲ್ಲಿ ಗುಡಾರ ಹಾಕುವುದು, ಬೆಂಕಿ ಹಾಕುವುದು ನಿಂತಿದೆ. ಮಳೆ ಅತಿಯಾದಾಗ ಇಲಾಖೆ ದಾರಿಯನ್ನೇ ಮುಚ್ಚುತ್ತದೆ, ಯಾಕೆಂದರೆ ದಾರಿಗೆ ಅಡ್ಡ ಹರಿಯುವ ಹಳ್ಳಗಳು ಬೆಳಿಗ್ಗೆ ಮೊಣಕಾಲಿಗಿದ್ದರೆ ಮಧ್ಯಾಹ್ನ ಸೊಂಟಕ್ಕೆ ಬರುವುದು ಅಲ್ಲಿ ಮಾಮೂಲು.

ಇಷ್ಟಾದರೂ ಈ ಮಿತಿ ದಿನದ ಲೆಕ್ಕದ್ದು. ಮಣ್ಣಿಗೆ ಆ ಲೆಕ್ಕ ಗೊತ್ತಿಲ್ಲ.

ಒಂದು ಮೀಟರ್ ದಾರಿಯ ಲೆಕ್ಕ

ಟಿಕೆಟ್ಟು ಮುನ್ನೂರು. ಹೋದ ದಾರಿಯಲ್ಲೇ ಬರುವುದರಿಂದ ದಾರಿಯ ಯಾವುದೇ ಒಂದು ಜಾಗವನ್ನು ದಿನಕ್ಕೆ 600 ಸಲ ಜನ ದಾಟುತ್ತಾರೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ ಹದಿನೈದು ವಾರಾಂತ್ಯ, ಅಂದರೆ 30 ದಿನ. ವಾರದ ಉಳಿದ ದಿನಗಳನ್ನು, ಆಗಸ್ಟ್ ಹದಿನೈದರಂಥ ರಜೆಗಳನ್ನು ಬಿಟ್ಟೇ ಬಿಡೋಣ. ಎಲ್ಲ ಟಿಕೆಟ್ಟೂ ಖರ್ಚಾದರೆ 18,000 ದಾಟು. ಏರಿನಲ್ಲಿ ಮೀಟರಿಗೆ ಕನಿಷ್ಠ ಒಂದೂವರೆ ಹೆಜ್ಜೆ ಬೀಳುತ್ತದೆ. ಒಂದು ಮೀಟರ್ ಒದ್ದೆ ಮಣ್ಣಿನ ಮೇಲೆ ಒಂದು ಮಳೆಗಾಲದಲ್ಲಿ 27,000 ಹೆಜ್ಜೆ. ಇದು ನನ್ನ ಕೂಡು-ಗುಣಿಸು, ಯಾವ ವರದಿಯದ್ದೂ ಅಲ್ಲ. ಮಳೆಗೆ ಬಾಗಿಲು ಮುಚ್ಚಿದ ದಿನಗಳನ್ನು ಕಳೆದು ಕಾಲು ಭಾಗ ಕಡಿಮೆ ಮಾಡಿಕೊಂಡರೂ ನನ್ನ ಮಾತು ಬದಲಾಗುವುದಿಲ್ಲ.

ಆ ಹೆಜ್ಜೆ ಮಣ್ಣಿಗೆ ಏನು ಮಾಡುತ್ತದೆ ಎಂಬುದನ್ನು ದಾರಿಯಲ್ಲಿ ಸಿಗುವ ಒಂಟಿಮರದ ಆಚೆಗಿನ ಏರಿನಲ್ಲಿ ಕಣ್ಣಾರೆ ನೋಡಬಹುದು. ಶುರುವಿನ ದಾರಿಯಲ್ಲಿ ಮರದ ನೆರಳು, ಕಲ್ಲು, ಬೇರು ಇರುವುದರಿಂದ ನೆಲ ತಡೆದುಕೊಳ್ಳುತ್ತದೆ. ಉಂಬಳ ಕಚ್ಚುವುದನ್ನು ಬಿಟ್ಟರೆ ತಕರಾರಿಲ್ಲ. ಬಯಲಿಗೆ ಬಂದ ಮೇಲೆ ದಾರಿ ಹುಲ್ಲಿನ ಮೇಲೆ. ಮೊದಲು ಬೂಟು ಹುಲ್ಲಿನ ಬುಡವನ್ನು ಉಜ್ಜುತ್ತದೆ. ಬೇರು ಬಯಲಾಗುತ್ತದೆ. ಒದ್ದೆ ಮಣ್ಣು ಭಾರಕ್ಕೆ ಅದುಮಿ ಗಟ್ಟಿಯಾಗುತ್ತದೆ. ಗಟ್ಟಿಯಾದ ನೆಲ ನೀರು ಕುಡಿಯುವುದಿಲ್ಲ, ಹಾಗಾಗಿ ಬಿದ್ದ ನೀರೆಲ್ಲ ಅದರ ಮೇಲೆಯೇ ಹರಿಯುತ್ತದೆ. ಅಲ್ಲಿಗೆ ಕಾಲುದಾರಿ ಕಾಲುವೆಯಾಯಿತು. ವರ್ಷ ಎರಡು ವರ್ಷದಲ್ಲಿ ಅದು ಕೊರಕಲು. ಕೊರಕಲಲ್ಲಿ ಕೆಸರು, ಕೆಸರಲ್ಲಿ ಜಾರಿಕೆ. ಜಾರಿ ಬಿದ್ದವರನ್ನು ನೋಡಿದ ಹಿಂದಿನವರು ಬುದ್ಧಿವಂತರಾಗಿ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಈಗ ಎರಡು ದಾರಿ. ಅದೂ ಕೆಸರಾದಾಗ ಮೂರು. ಕೆಲವು ಕಡೆ ನಾಲ್ಕು ಗೆರೆಗಳು ಅಕ್ಕಪಕ್ಕ ಓಡುವುದನ್ನು ನಾನು ನೋಡಿದ್ದೇನೆ. ಎದುರು ಗುಡ್ಡದಿಂದ ನೋಡಿದರೆ ಯಾರೋ ಹಸಿರು ಸೀರೆಯನ್ನು ಬಾಚಣಿಗೆಯಿಂದ ಗೀರಿದ ಹಾಗಿರುತ್ತದೆ.

ಯಾರನ್ನು ಬೈಯುವುದು? ಪಕ್ಕಕ್ಕೆ ಕಾಲಿಟ್ಟವನು ತಪ್ಪು ಮಾಡಿದ ಅನ್ನಿಸುವುದಿಲ್ಲ, ಬೀಳದಿರಲು ನೋಡಿದ ಅಷ್ಟೇ. ದಾರಿಯಲ್ಲೇ ನಡೆಯಿರಿ ಎಂದು ಹಲಗೆ ಬರೆದು ನಿಲ್ಲಿಸುವವರಿಗೆ ಒಂದು ಮಾತು: ದಾರಿ ಮೊದಲು ಪಕ್ಕದ ಹುಲ್ಲಿಗಿಂತ ನಡೆಯಲು ಸುಲಭವಾಗಿರಬೇಕು.

ಇದರ ಇನ್ನೊಂದು ಬೇರು ದಾರಿಯ ಹಳೆಯ ಹುಟ್ಟಿನಲ್ಲಿದೆ. ಇದನ್ನು ಯಾರೂ ಚಾರಣಕ್ಕೆಂದು ಕಡಿದದ್ದಲ್ಲ. ದನ ಮೇಯಿಸುವವರು, ಈ ಗುಡ್ಡ ಆ ಗುಡ್ಡ ಓಡಾಡುವವರು ಹತ್ತಿರದ ದಾರಿ ಹಿಡಿದು ನೇರ ಏರಿಗೆ ಹತ್ತುತ್ತಿದ್ದರು. ದಿನಕ್ಕೆ ನಾಲ್ಕು ಜನ ಬರಿಗಾಲಲ್ಲಿ ನಡೆದರೆ ನೇರ ದಾರಿಯೂ ಬಾಳಿಕೆ ಬರುತ್ತದೆ. ನೀರು ಇಳಿಯುವ ದಿಕ್ಕಿನಲ್ಲೇ ದಾರಿಯಿದ್ದು ಅದರ ಮೇಲೆ ಮುನ್ನೂರು ಬೂಟು ಬಿದ್ದರೆ ಬಾಳುವುದಿಲ್ಲ. ಗುಡ್ಡದ ಸೊಂಟ ಬಳಸಿ, ಇಳಿಜಾರಿಗೆ ಅಡ್ಡವಾಗಿ ಸಾಗುವ ದಾರಿಯಾದರೆ ನೀರು ಹತ್ತು ಹೆಜ್ಜೆಗೊಮ್ಮೆ ತಾನಾಗಿ ಕೆಳಗಿನ ಹುಲ್ಲಿಗೆ ಇಳಿದುಹೋಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಇರುವುದರಿಂದ ದಾರಿ ಮುಚ್ಚಿರುತ್ತದೆ, ಅದರಲ್ಲಿ ಚರ್ಚೆಯಿಲ್ಲ. ಉಳಿಯುವುದು ಎರಡು ಕಾಲ. ಮಳೆಗಾಲದಲ್ಲಿ ಮಣ್ಣು ನೆನೆದ ಅವಲಕ್ಕಿಯಾಗಿರುತ್ತದೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ನೆಲ ಬಿಗಿದಿರುತ್ತದೆ, ಆಕಾಶ ತಿಳಿ, ಶಿಖರದಿಂದ ಪಡುವಣದ ಬಯಲು ಕರಾವಳಿಯವರೆಗೂ ತೆರೆದುಕೊಳ್ಳುತ್ತದೆ. ಕುದುರೆಯ ಮುಖದ ಆಕಾರ ನಿಜಕ್ಕೂ ಕಾಣುವುದೂ ಆಗಲೇ. ಆದರೆ ಜನ ಬರುವುದು ಜುಲೈಗೆ. ಬೆಟ್ಟಕ್ಕೆ ಕೈಲಾಗದ ತಿಂಗಳೂ ನಮಗೆ ಬೆಟ್ಟ ಬೇಕಾದ ತಿಂಗಳೂ ಒಂದೇ. ಡಿಸೆಂಬರಿನ ಮುನ್ನೂರು ಜನರ ಗುರುತು ಮೊದಲ ಇಬ್ಬನಿಗೆ ಅಳಿಸುತ್ತದೆ. ಜುಲೈನ ಮುನ್ನೂರರ ಗುರುತು ಮುಂದಿನ ಜುಲೈಗೆ ಕೊರಕಲಾಗಿ ಕಾಯುತ್ತಿರುತ್ತದೆ. ಎರಡಕ್ಕೂ ಒಂದೇ ಅಂಕೆ ಇಡುವುದು ಕಚೇರಿಗೆ ಸುಲಭ.

ಜೀಪು, ಅನ್ನ, ಹೋಮ್‌ಸ್ಟೇ

ಹಾಗಾದರೆ ಮಳೆಗಾಲದಲ್ಲಿ ನೂರಕ್ಕೆ ಇಳಿಸಿ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅಷ್ಟು ಸುಲಭವಲ್ಲ, ಯಾಕೆಂದರೆ ಆ ಮೂರು ತಿಂಗಳ ಮೇಲೆ ಊರಿನ ವರ್ಷ ನಿಂತಿದೆ.

ಉದ್ಯಾನದ ಒಳಗೆ ಮತ್ತು ಅಂಚಿನಲ್ಲಿ ತಲೆತಲಾಂತರದಿಂದ ಇರುವವರಿದ್ದಾರೆ. ಮಲೆಕುಡಿಯರು, ಗೌಡ್ಲು, ಸಣ್ಣ ಅಡಿಕೆ ತೋಟ, ಕಾಫಿ, ಗದ್ದೆ ಇರುವ ಬೇರೆ ಕುಟುಂಬಗಳು. ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದ ದಿನದಿಂದ ಅವರ ಬದುಕು ಕಾನೂನಿನ ಅಂಚಿನಲ್ಲಿ ತೂಗುತ್ತಿದೆ. ಪರಿಹಾರ ತೆಗೆದುಕೊಂಡು ಹೊರಗೆ ಹೋದವರಿದ್ದಾರೆ, ಹೋಗೆವು ಎಂದು ಉಳಿದವರಿದ್ದಾರೆ. ಉಳಿದವರಿಗೆ ರಸ್ತೆಗೆ ಅನುಮತಿ ಇಲ್ಲ, ಕರೆಂಟಿಗೆ ತಕರಾರು, ಕಾಟಿ ಬಂದು ಗದ್ದೆ ಮೇದರೆ ಅರ್ಜಿ. ಅಂಥ ಕಡೆ ಒಂದು ಹಳೆಯ ಜೀಪು ಎಂದರೆ ಆಸ್ಪತ್ರೆಗೂ ಅದೇ, ಶಾಲೆಗೂ ಅದೇ, ಶನಿವಾರ ಭಾನುವಾರ ದುಡಿಮೆಗೂ ಅದೇ. ಜನರನ್ನು ಕುಲುಕುವ ಆ ರಸ್ತೆಯ ದುರವಸ್ಥೆಯೇ ಜೀಪಿನವರ ಬಂಡವಾಳ ಎಂದು ಒಬ್ಬ ಚಾಲಕರು ನನ್ನೊಡನೆ ನಗುತ್ತ ಹೇಳಿದರು. ರಸ್ತೆ ಸರಿಯಾದರೆ ಕಾರುಗಳು ಸೀದಾ ಮುಳ್ಳೋಡಿಗೆ ಹೋಗುತ್ತವೆ. ಅವರ ಮಗುವಿಗೆ ಜ್ವರ ಬಂದ ರಾತ್ರಿ ಅದೇ ರಸ್ತೆಯನ್ನು ಶಪಿಸುತ್ತಾರೆ. ಎರಡೂ ನಿಜ.

ಇನ್ನೊಂದು ಗಮನಿಸಿದ್ದು. ಮೊದಲೆಲ್ಲ ಬೆಂಗಳೂರಿನ ಚಾರಣ ಕಂಪನಿಗಳು ಪ್ಯಾಕೇಜು ಮಾರಿ, ಊರಿನವರಿಗೆ ಊಟ ಜೀಪಿನ ಪಾಲು ಕೊಡುತ್ತಿದ್ದವು. ಟಿಕೆಟ್ಟು ಆನ್‌ಲೈನ್ ಆದ ಮೇಲೆ ಬೇಗ ಬೆರಳು ಓಡಿಸುವವರಿಗೆ ಟಿಕೆಟ್ಟು. ಬೆರಳು ಓಡಿಸಲು ನೆಟ್‌ವರ್ಕ್ ಬೇಕು. ಸಂಸೆಯ ಹೋಮ್‌ಸ್ಟೇ ಯಜಮಾನರಿಗಿಂತ ನಗರದ ಏಜೆಂಟನ ನೆಟ್‌ವರ್ಕ್ ಯಾವತ್ತೂ ಮುಂದು. ಮಿತಿ ಕಡಿಮೆಯಾದಷ್ಟೂ ಈ ಓಟದಲ್ಲಿ ಊರಿನವರು ಹಿಂದೆ ಬೀಳುತ್ತಾರೆ. ಆದ್ದರಿಂದ ಮಳೆಗಾಲದ ಸಂಖ್ಯೆ ಇಳಿಸುವ ಮಾತಿನ ಜೊತೆಗೆ, ಉಳಿದ ಟಿಕೆಟ್ಟಿನಲ್ಲಿ ಒಂದು ಪಾಲು ಸ್ಥಳೀಯ ಹೋಮ್‌ಸ್ಟೇಗಳ ಮೂಲಕವೇ ಹೋಗಬೇಕು ಎಂಬ ಮಾತೂ ಇರಬೇಕು. ಇಲ್ಲವಾದರೆ ಹುಲ್ಲು ಉಳಿಸುವ ಲೆಕ್ಕದಲ್ಲಿ ಊರಿನ ಅನ್ನ ಹೋಗುತ್ತದೆ.

ಜುಲೈ ತಾಳುವ ಜಾಗಗಳು

ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಬಿಚ್ಚುವುದು ಇಲ್ಲಿ. ಜುಲೈನಲ್ಲಿ ಬಂದವರಿಗೆ ನಿಜವಾಗಿ ಬೇಕಾದದ್ದೇನು? ಅವರನ್ನೇ ಕೇಳಿದರೆ ಮಳೆ, ಮಂಜು, ಹಸಿರು, ನೀರು ಅನ್ನುತ್ತಾರೆ. ಶಿಖರ ಮುಟ್ಟಿದಾಗ ಮಂಜಿನಲ್ಲಿ ಹತ್ತು ಅಡಿ ಆಚೆಗೆ ಏನೂ ಕಾಣುವುದಿಲ್ಲ, ಬಿಳಿ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಮಳೆ ನೋಡಲು ಬಂದವರಿಗೆ ಉದ್ಯಾನದ ಸುತ್ತ ಮಳೆಯನ್ನು ತಾಳುವ ನೆಲ ಬೇಕಾದಷ್ಟಿದೆ.

ಕಳಸದಿಂದ ಕಾರ್ಕಳಕ್ಕೆ ಹೋಗುವ ರಸ್ತೆಯೇ ಒಂದು ನೋಟ. ಚೆಕ್‌ಪೋಸ್ಟ್ ದಾಟಿ ಒಳಹೊಕ್ಕರೆ ಒಂದು ತಿರುವಿಗೊಂದು ಝರಿ. ಕಡಾಂಬಿ ಜಲಪಾತ ರಸ್ತೆಗೇ ಬಂದು ಬೀಳುತ್ತದೆ, ಡಾಂಬರಿನ ಮೇಲೆ ನಿಂತೇ ನೋಡಬಹುದು. ಮುಂದೆ ಹನುಮನಗುಂಡಿ. ಅಬ್ಬಿಯ ಬುಡಕ್ಕೆ ಇಳಿಯಲು ಮೆಟ್ಟಿಲಿದೆ, ನೀರು ಜೋರಾದಾಗ ಬುಡಕ್ಕೆ ಬಿಡುವುದಿಲ್ಲ, ಬಿಡಬಾರದು ಕೂಡ. ಮೆಟ್ಟಿಲಿಗೆ ಮುನ್ನೂರಲ್ಲ, ಮೂರು ಸಾವಿರ ಕಾಲು ಬಿದ್ದರೂ ಹುಲ್ಲು ಸಾಯುವುದಿಲ್ಲ. ಕುರಿಂಜಾಲು ಗುಡ್ಡಕ್ಕೆ ಹೋಗುವುದು ಬಹುಪಾಲು ಹಳೆಯ ಜೀಪಿನ ದಾರಿಯಲ್ಲಿ. ಗಟ್ಟಿ ನೆಲ, ಮಳೆಗಾಲದಲ್ಲಿ ಮುಳ್ಳೋಡಿಯ ದಾರಿಗಿಂತ ನೂರು ಪಾಲು ಮೇಲು, ಹೊಸಬರ ಕಾಲಿಗೂ ಹಿತ. ಶೃಂಗೇರಿ ಕಡೆಯಿಂದ ಬಂದವರಿಗೆ ಕಿಗ್ಗ ಇದೆ, ಸಿರಿಮನೆ ಜಲಪಾತ ಇದೆ. ಅಲ್ಲಿಂದ ನರಸಿಂಹ ಪರ್ವತಕ್ಕೆ ಹತ್ತುವ ದಾರಿಯ ಹೆಚ್ಚು ಭಾಗ ಕಾಡಿನ ನೆರಳಿನಲ್ಲಿ ಸಾಗುತ್ತದೆ. ಉಂಬಳಕ್ಕೆ ಹೆದರದವರು ಹೋಗಬಹುದು. ಬೆಳ್ತಂಗಡಿ ಕಡೆಯ ಗಡಾಯಿಕಲ್ಲು, ಅಂದರೆ 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ ಜಮಲಾಬಾದ್, ಒಂದೇ ಬಂಡೆ. ಬಂಡೆಗೆ ಕಾಲಿನಿಂದ ಏನೂ ಆಗದು, ಆದರೆ ಮಳೆಯಲ್ಲಿ ಆ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ. ಅದನ್ನು ಡಿಸೆಂಬರಿಗೆ ಇಟ್ಟುಕೊಳ್ಳುವುದು ಜಾಣತನ. ಹೊರನಾಡು, ಕಳಸಗಳ ಬಗ್ಗೆ ಹೇಳಬೇಕಿಲ್ಲ, ಚಾರಣಕ್ಕೆ ಬಂದ ಮಕ್ಕಳ ಜೊತೆ ಬಂದ ತಾಯಂದಿರು ಹೇಗೂ ಹೋಗಿಬರುತ್ತಾರೆ.

ಒಂದು ಅಡ್ಡಮಾತು. ಫೋನಿನ ನಕ್ಷೆಯಲ್ಲಿ ಬರೀ ಕುದುರೆಮುಖ ಎಂದು ಒತ್ತಿದವರು ಎಷ್ಟೋ ಸಲ ಹೋಗಿ ನಿಲ್ಲುವುದು ಗಣಿ ಕಂಪನಿ ಕಟ್ಟಿದ, ಈಗ ಮುಕ್ಕಾಲು ಖಾಲಿಯಾದ ಟೌನ್‌ಶಿಪ್ಪಿನಲ್ಲಿ. ಊರಿನ ಹಳೆಯ ಹೆಸರು ಮಲ್ಲೇಶ್ವರ. ಶಿಖರಕ್ಕೂ ಮೊದಲು ಸಂಸೆಪರ್ವತ ಎಂಬ ಹೆಸರಿತ್ತು. ಗಣಿ ಬಂದು ಊರಿಗೆ ಬೆಟ್ಟದ ಹೆಸರು ಕೊಟ್ಟಿತು, ಬೆಟ್ಟ ಹುಡುಕುವವರು ಇವತ್ತಿಗೂ ಗಣಿಯ ಬಾಗಿಲಿಗೆ ಬಂದು ದಾರಿ ಕೇಳುತ್ತಾರೆ. ಆ ಖಾಲಿ ಊರನ್ನೇ ಒಂದು ನೋಡುವ ಜಾಗ ಮಾಡಬಹುದಿತ್ತು ಎಂದು ನನಗೆ ಅನ್ನಿಸಿದ್ದುಂಟು. ಬೆಟ್ಟ ಅಗೆದದ್ದು ಹೇಗೆ, ನಿಲ್ಲಿಸಿದ್ದು ಹೇಗೆ, ಅಗೆದ ಗಾಯದ ಮೇಲೆ ಈಗ ಏನು ಬೆಳೆಯುತ್ತಿದೆ ಎಂಬುದನ್ನು ಹೇಳುವ ಒಂದು ಕಟ್ಟಡ ಅಲ್ಲಿದ್ದರೆ, ಮಳೆ ಜೋರಾಗಿ ದಾರಿ ಮುಚ್ಚಿದ ದಿನ ಬಂದವರು ಬರಿಗೈಲಿ ವಾಪಸಾಗಬೇಕಿರಲಿಲ್ಲ.

ಏನು ಮಾಡಬಹುದು

ನಾನು ಎಂಜಿನಿಯರ್ ಅಲ್ಲ, ಆದರೆ ಈ ಕೆಲಸಕ್ಕೆ ಎಂಜಿನಿಯರ್ ಬೇಕೆಂದೂ ಅನ್ನಿಸುವುದಿಲ್ಲ. ಅಡಿಕೆ ತೋಟ ಮಾಡುವ ಮಲೆನಾಡಿನವರಿಗೆ ಬಸಿಗಾಲುವೆಯ ಲೆಕ್ಕ ಹೊಸದಾಗಿ ಕಲಿಸಬೇಕಿಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆಯುತ್ತದೆ, ಎಷ್ಟು ದೂರಕ್ಕೊಂದು ಕಪ್ಪು, ಅಂದರೆ ಸಣ್ಣ ಕಾಲುವೆ, ತೆಗೆದರೆ ಬುಡ ಉಳಿಯುತ್ತದೆ ಎಂಬುದು ಅವರಿಗೆ ಕಾಲಿನ ಬೆರಳಿನಲ್ಲೇ ಗೊತ್ತು. ಒಂಟಿಮರದಿಂದ ಮೇಲಿನ ಕಡಿದಾದ ಏರುಗಳಲ್ಲಿ ದಾರಿಗೆ ಓರೆಯಾಗಿ ಕಲ್ಲಿನ ಸಾಲು ಹೂತು ನೀರನ್ನು ಹುಲ್ಲಿಗೆ ತಿರುಗಿಸಬೇಕು. ಕೊರಕಲು ಆಳವಾದ ಕಡೆ ಅಲ್ಲಿಯದೇ ಕಲ್ಲಿನಿಂದ ಮೆಟ್ಟು ಕಟ್ಟಬೇಕು. ಮೂರು ನಾಲ್ಕು ಗೆರೆಯಾದ ಕಡೆ ಒಂದನ್ನು ಗಟ್ಟಿ ಮಾಡಿ, ಉಳಿದವುಗಳ ಮೇಲೆ ಅಲ್ಲಲ್ಲೇ ಕಲ್ಲು, ಒಣಕೊಂಬೆ ಹಾಕಿ ಒಂದೆರಡು ಮಳೆಗಾಲ ಕಾಲು ಬೀಳದ ಹಾಗೆ ನೋಡಿಕೊಂಡರೆ ಹುಲ್ಲು ತಾನಾಗಿ ಬರುತ್ತದೆ. ಸಿಮೆಂಟು ಬೇಡ. ಸಿಮೆಂಟು ಮೆಟ್ಟಿಲ ಅಂಚಿನಲ್ಲಿ ನೀರು ಇನ್ನಷ್ಟು ಜೋರಾಗಿ ಕೊರೆಯುವುದನ್ನು ಬೇರೆ ಬೆಟ್ಟಗಳಲ್ಲಿ ಕಂಡಿದ್ದೇವೆ. ಈ ಕೆಲಸಕ್ಕೆ ಕಾಲ ಫೆಬ್ರವರಿಯಿಂದ ಮೇ, ಹೇಗೂ ದಾರಿ ಮುಚ್ಚಿರುವ ತಿಂಗಳು, ಜೀಪಿಗೂ ಹೋಮ್‌ಸ್ಟೇಗೂ ಕೆಲಸವಿಲ್ಲದ ತಿಂಗಳು. ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಪಾಲು ಆ ಕೂಲಿಗೆ ಹೋದರೆ ಮಳೆಗಾಲದಲ್ಲಿ ಕಡಿಮೆಯಾದ ದುಡಿಮೆ ಬೇಸಿಗೆಯಲ್ಲಿ ಒಂದಿಷ್ಟು ತುಂಬುತ್ತದೆ.

ಸಂಖ್ಯೆಯ ಮಾತಿಗೆ ಬಂದರೆ, ಜೂನ್‌ನಿಂದ ಸೆಪ್ಟೆಂಬರ್‌ಗೆ ನೂರು, ಅಕ್ಟೋಬರ್‌ನಿಂದ ಜನವರಿಗೆ ಮುನ್ನೂರು ಇರಲಿ, ಬೇಕಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಮಾಡಲಿ. ನೂರು ಎಂಬುದು ನನ್ನ ಅಂದಾಜು. ಒಂದು ಮಳೆಗಾಲ ದಾರಿಯ ಹತ್ತು ಜಾಗದಲ್ಲಿ ಗೂಟ ಹೊಡೆದು ಅಗಲ, ಆಳ ಅಳೆದರೆ ಇದಕ್ಕಿಂತ ಒಳ್ಳೆಯ ಅಂಕೆ ಸಿಗುತ್ತದೆ. ಟೇಪು, ಗೂಟ, ಒಂದು ನೋಟ್‌ಬುಕ್ಕು ಸಾಕು. ವಾರ್ಷಿಕ ಪರೀಕ್ಷೆಗೆ ಪ್ರಾಜೆಕ್ಟು ಹುಡುಕುವ ಕಳಸದ ಕಾಲೇಜು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಏನಿದೆ?

ಮುನ್ನೂರನ್ನು ಬೆಳಗಿನ ಎರಡು ಗಂಟೆಯಲ್ಲಿ ಒಟ್ಟಿಗೆ ಬಿಡುವ ಬದಲು ತಂಡತಂಡವಾಗಿ ಬಿಡಬೇಕು ಎನ್ನುವವರಿದ್ದಾರೆ. ದಟ್ಟಣೆಗೆ ಅದು ಒಳ್ಳೆಯದು, ಸಿಂಗಳೀಕಕ್ಕೂ ಕಡವೆಗೂ ಒಳ್ಳೆಯದು, ಮಣ್ಣಿಗೆ ಏನೂ ವ್ಯತ್ಯಾಸವಿಲ್ಲ. ಮಣ್ಣು ಹೆಜ್ಜೆ ಎಣಿಸುತ್ತದೆ, ಗಡಿಯಾರ ನೋಡುವುದಿಲ್ಲ.

ನಾನು ಇಳಿಯುವಾಗ ಮಧ್ಯಾಹ್ನ ಎರಡೂವರೆ. ಒಂಟಿಮರಕ್ಕಿಂತ ಸ್ವಲ್ಪ ಮೇಲೆ ಕೊರಕಲಿನಲ್ಲಿ ಕೆಂಪು ನೀರು ಪಾದ ಮುಚ್ಚುವಷ್ಟು ಹರಿಯುತ್ತಿತ್ತು. ನಮ್ಮ ಜೊತೆಗಿದ್ದ ಗೈಡ್ ನಿಂತರು. ಅವರ ಮನೆಯ ತೋಟ ಕೆಳಗಿನ ಹಳ್ಳದ ಪಕ್ಕದಲ್ಲಿದೆಯೆಂದು ಬೆಳಿಗ್ಗೆ ಹೇಳಿದ್ದರು. ಹಿಮ್ಮಡಿಯಿಂದ ದಾರಿಯ ಅಂಚನ್ನು ಎರಡು ಸಲ ಒದ್ದು ಗೇಣುದ್ದ ಕಪ್ಪು ತೆಗೆದು, ಅಡ್ಡಕ್ಕೆ ಒಂದು ಕಲ್ಲು ಇಟ್ಟರು. ನೀರು ಒಂದು ಕ್ಷಣ ತಡೆದು, ತಿರುಗಿ ಹುಲ್ಲಿನೊಳಗೆ ನುಗ್ಗಿತು. ಕೆಂಪು ಬಣ್ಣ ನಾಲ್ಕು ಮಾರು ದೂರದಲ್ಲೇ ಕಾಣದಾಯಿತು. ನಾವು ನೋಡುತ್ತಿದ್ದ ಹಾಗೆ ಹಿಂದಿನಿಂದ ಬಂದ ಗುಂಪಿನ ಮೊದಲನೆಯವನು ಜಾರದಿರಲಿ ಎಂದು ಅದೇ ಕಲ್ಲಿನ ಮೇಲೆ ಕಾಲಿಟ್ಟ. ಕಲ್ಲು ಉರುಳಿ ಕೊರಕಲಿಗೆ ಬಿತ್ತು. ಗೈಡ್ ಅದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟು, ಈ ಸಲ ಮಣ್ಣು ಮೆಟ್ಟಿ ಗಟ್ಟಿ ಮಾಡಿದರು.